ಅಕ್ಕನ ಐಎನ್‌ಆರ್ ಟೆಸ್ಟ್ ನಮ್ಮ ತಾಲ್ಲೂಕಿನಲ್ಲೇ ಆಗಬಾರದಾ?

ಮಾನ್ಯ ಸಂಪಾದಕರೇ,

ಹೃದಯದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಏನು ಬಂದರೂ ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ನನ್ನ ಜೆರಾಕ್ಸ್ ಅಂಗಡಿಯ ಡ್ರಾಯರಿನಲ್ಲಿ ಅದೇ ಒಂದು ಫೈಲ್ ಆಗಿದೆ. ಮೊನ್ನೆ ಭಾನುವಾರ ಕರೆಂಟ್ ಇರಲಿಲ್ಲ, ಸುಮ್ನೆ ಕೂತು ಎಲ್ಲವನ್ನೂ ತಿರುವಿ ಹಾಕಿದೆ. ಸ್ಟೆಂಟು, ಕೊಲೆಸ್ಟ್ರಾಲ್, ಜಿಮ್ಮು, ವಾಕಿಂಗು. 2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗಿನ ಕಟಿಂಗ್‌ಗಳೇ ಅರ್ಧ ಫೈಲು, ಆಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರಲ್ಲ. ಎಲ್ಲಾ ಬೇಕಾದದ್ದೇ. ಆದರೆ ವಾಲ್ವ್ ಕಾಯಿಲೆ ಬಗ್ಗೆ ಒಂದು ತುಂಡೂ ಸಿಗಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ. ಕತ್ತರಿ ಹಾಕುವುದಿದ್ದರೆ ಎಲ್ಲಾದರೂ ಹಾಕಿ, ಕೊನೆಯಲ್ಲಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಟೆಸ್ಟ್, ಅದರ ಬಗ್ಗೆ ಕೇಳಿರುವ ಒಂದು ಮಾತು ಮಾತ್ರ ಉಳಿಸಿ.

ನಮ್ಮಕ್ಕನಿಗೆ 43 ವರ್ಷ. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮ ಮನೆ, ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ಕಾಯಿಲೆಗೆ ಟ್ರೈಕಸ್ಪಿಡ್ ಸ್ಟೆನೋಸಿಸ್ ಅಂತ ಹೆಸರು, ಅಂದರೆ ಹೃದಯದ ಬಲಗಡೆಯ ವಾಲ್ವ್ ಕಿರಿದಾಗುವುದು. ಅದನ್ನು ತಪ್ಪಿಲ್ಲದೆ ಹೇಳಲು ನನಗೇ ಒಂದು ವಾರ ಹಿಡಿಯಿತು. ಅಕ್ಕ ಮಾತ್ರ ಇವತ್ತಿಗೂ ‘ಬಲಗಡೆ ವಾಲು’ ಅಂತಾಳೆ.

ಮೊದಲು ಗೊತ್ತಾಗಿದ್ದು ಲಂಗದ ಲಾಡಿಯಿಂದ. ಟೈಲರ್ ಅಲ್ವಾ, ಅಳತೆ ವ್ಯತ್ಯಾಸ ಅವಳಿಗೆ ಬೇಗ ಕಾಣುತ್ತೆ. 2023ರ ಯುಗಾದಿ ಕಳೆದು ತಿಂಗಳಾಗಿರಬೇಕು, ಲಾಡಿಯ ಗಂಟು ನಾಲ್ಕು ಬೆರಳು ಆಚೆ ಹೋಗಿತ್ತು. ತೋಳು ನೋಡಿದರೆ ಕಡ್ಡಿ. ಸಂಜೆ ಮಿಷನ್ ಬಿಟ್ಟು ಎದ್ದರೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು, ರಾತ್ರಿ ಊಟದ ಹೊತ್ತಿಗೂ ಹಾಗೇ ಇರುತ್ತಿತ್ತು. ಇನ್ನೊಂದು ಮಾತು ಅವಳು ಪದೇ ಪದೇ ಹೇಳುತ್ತಿದ್ದಳು, ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಕುತ್ತಿಗೇಲಿ ಏನೋ ಪಟಪಟ ಅಂತದೆ ಕಣೋ.’

ಹೊಟ್ಟೆ ಊದಿದೆ ಅಂದರೆ ಎಲ್ಲರ ತಲೆಯೂ ಲಿವರ್ ಕಡೆಗೇ ಓಡುತ್ತೆ. ಸ್ಕ್ಯಾನಿಂಗ್ ಮಾಡಿಸಿದೆವು, ಲಿವರ್ ದಪ್ಪಗಾಗಿದೆ, ಹೊಟ್ಟೆಯಲ್ಲಿ ನೀರಿದೆ ಅಂತ ಬಂತು. ಕಾಮಾಲೆ ಇರಬಹುದು ಅಂತ ನಾಟಿ ಔಷಧ ಕುಡಿಸಿದ್ದೂ ಆಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ಸಲ ಸೂಜಿ ಚುಚ್ಚಿ ನೀರು ತೆಗೆದರು. ತೆಗೆದ ಹತ್ತೇ ದಿನಕ್ಕೆ ಮತ್ತೆ ಅಷ್ಟೇ. ‘ನಿಮ್ಮನೇಲಿ ಕುಡಿಯೋ ಅಭ್ಯಾಸ ಉಂಟಾ’ ಅಂತ ಅಕ್ಕನನ್ನು ಕೇಳಿದ್ದರು, ಪಾಪ, ಕಾಫಿ ಬಿಟ್ಟು ಬೇರೇನೂ ಗೊತ್ತಿಲ್ಲದ ಹೆಂಗಸು. ಹೀಗೆ ಎಂಟು ತಿಂಗಳು ಹೋಯಿತು.

ಹಿಡಿದವಳು ಒಬ್ಬ ಹೌಸ್ ಸರ್ಜನ್ ಹುಡುಗಿ. ಇನ್ನೂ ಓದು ಮುಗಿದಿಲ್ಲ, ಕೈಯಲ್ಲಿ ಮಷೀನೂ ಇಲ್ಲ. ತಲೆಯ ಕೆಳಗೆ ಎರಡು ದಿಂಬು ಕೊಟ್ಟು ಅಕ್ಕನನ್ನು ಅರ್ಧ ಒರಗಿಸಿದಳು, ಮುಖ ಎಡಕ್ಕೆ ತಿರುಗಿಸಿ ಅಂದಳು, ಮೊಬೈಲ್ ಟಾರ್ಚ್ ಹಾಕಿ ಕುತ್ತಿಗೆಯನ್ನೇ ನೋಡುತ್ತಾ ನಿಂತಳು. ನಾನೂ ಬಗ್ಗಿ ನೋಡಿದೆ. ಕಿವಿಯ ಕೆಳಗಿನವರೆಗೂ ನರ ಉಬ್ಬಿಕೊಂಡು ಬಡಿಯುತ್ತಿತ್ತು, ಎಂಟು ತಿಂಗಳಿಂದ ಅಕ್ಕ ಹೇಳುತ್ತಿದ್ದ ಅದೇ ಪಟಪಟ. ಆಮೇಲೆ ಎದೆಯ ಮಧ್ಯದ ಮೂಳೆಯ ಎಡಕ್ಕೆ, ಕೆಳಗಡೆ, ಸ್ಟೆತಸ್ಕೋಪ್ ಇಟ್ಟು ‘ಅಮ್ಮಾ, ಉಸಿರು ಒಳಗೆ ಎಳ್ಕೊಳಿ, ಹಾಗೇ ಇರಿ’ ಅಂದಳು. ಉಸಿರು ಎಳೆದಾಗ ಬಲಗಡೆಗೆ ರಕ್ತ ಜಾಸ್ತಿ ಬರುತ್ತಂತೆ, ಆಗ ಆ ವಾಲ್ವಿನ ಶಬ್ದವೂ ಜೋರಾಗುತ್ತಂತೆ. ‘ಇದು ಲಿವರ್ ಅಲ್ಲ, ಎಕೋ ಮಾಡಿಸಿ’ ಅಂತ ಹೃದಯದ ಸ್ಕ್ಯಾನಿಂಗಿಗೆ ಚೀಟಿ ಬರೆದಳು.

ಎಕೋ ರಿಪೋರ್ಟ್ ನೋಡಿ ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ್ದು ಇಷ್ಟು. ಹೃದಯದ ಬಲಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಬಾಗಿಲೇ ಟ್ರೈಕಸ್ಪಿಡ್ ವಾಲ್ವ್. ನಾಲ್ಕು ವಾಲ್ವ್‌ಗಳಲ್ಲಿ ಇದೇ ದೊಡ್ಡದು, ತೆರೆದಾಗ ಏಳು ಚದರ ಸೆಂಟಿಮೀಟರಿನಷ್ಟು ಜಾಗ ಇರಬೇಕು. ಅಕ್ಕನದು ಒಂದೇ ಚದರ ಸೆಂಟಿಮೀಟರಿಗೆ ಬಂದಿತ್ತು. ಒಂದಕ್ಕೆ ಇಳಿದರೆ ತೀವ್ರ ಅಂತಲೇ ಲೆಕ್ಕ. ಬಾಗಿಲ ಆಚೆ ಈಚೆಯ ಒತ್ತಡದ ವ್ಯತ್ಯಾಸ ಐದು ಎಂಎಂ ಪಾದರಸ ದಾಟಿದರೂ ತೀವ್ರ, ಅವಳದು ಆರು. ಮೈಯೆಲ್ಲಾ ಸುತ್ತಿ ವಾಪಸ್ ಬಂದ ರಕ್ತ ಒಳಗೆ ಹೋಗಲಾಗದೆ ಹಿಂದೆಯೇ ನಿಲ್ಲುತ್ತೆ, ಕೆರೆ ತೂಬು ಕಟ್ಟಿಕೊಂಡರೆ ಹಿನ್ನೀರು ಏರುವ ಹಾಗೆ. ಏರಿದ್ದು ಲಿವರಿಗೆ, ಹೊಟ್ಟೆಗೆ, ಕಾಲಿಗೆ.

ಇದು ಒಂಟಿಯಾಗಿ ಬರುವುದು ಅಪರೂಪವಂತೆ. ಎಡಗಡೆಯ ಮೈಟ್ರಲ್ ವಾಲ್ವ್ ಕೂಡ ಕೆಟ್ಟಿರುತ್ತೆ, ಅಕ್ಕನದೂ ಕಿರಿದಾಗಿತ್ತು. ಎಡಗಡೆ ಕಟ್ಟಿಕೊಂಡರೆ ಶ್ವಾಸಕೋಶಕ್ಕೆ ನೀರು ಏರಿ ಏದುಸಿರು ಬರಬೇಕು. ಆದರೆ ಬಲಗಡೆ ಬಾಗಿಲೇ ಮುಚ್ಚಿದ್ದರಿಂದ ಶ್ವಾಸಕೋಶಕ್ಕೆ ಹೋಗುವ ರಕ್ತವೇ ಕಮ್ಮಿ, ಹಾಗಾಗಿ ಏದುಸಿರು ಅಷ್ಟಾಗಿ ಕಾಣಲಿಲ್ಲ. ನಾವು ಲಿವರ್ ಹಿಂದೆ ಬಿದ್ದಿದ್ದಕ್ಕೆ ಇದೂ ಒಂದು ಕಾರಣ.

ಮೂಲ ಯಾವುದು ಗೊತ್ತಾ? ಗಂಟಲು ನೋವು. ಚಿಕ್ಕವರಿದ್ದಾಗ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಸರಿಯಾಗಿ ಔಷಧ ಕೊಡದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರ ಕಳೆದು ಜ್ವರ, ಕೀಲು ನೋವು ಬರುತ್ತೆ. ಅದೇ ರುಮ್ಯಾಟಿಕ್ ಜ್ವರ. ಅಕ್ಕ ಆರನೇ ಕ್ಲಾಸಿನಲ್ಲಿದ್ದಾಗ ಒಂದು ವಾರ ಮಂಡಿ ಬಾತು, ಅದು ಇಳಿಯುವಷ್ಟರಲ್ಲಿ ಮೊಣಕೈ ಬಾತು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆಳೆಯೋ ವಯಸ್ಸು, ಎಣ್ಣೆ ತಿಕ್ಕಿದರೆ ಹೋಗುತ್ತೆ ಅಂದರು. ಹೋಯಿತು ಕೂಡ. ಒಳಗೆ ವಾಲ್ವಿನ ಎಸಳುಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾಗಿದ್ದು ಯಾರಿಗೆ ಕಾಣಬೇಕು.

ಈಗ ಚಿಕಿತ್ಸೆ ವಿಷಯ. ಡಾಕ್ಟರು ಮೊದಲನೇ ದಿನವೇ ನೇರವಾಗಿ ಹೇಳಿದರು, ‘ಮಾತ್ರೆಯಿಂದ ವಾಲ್ವ್ ತೆರೆಯಲ್ಲ. ಮಾತ್ರೆ ಹಿನ್ನೀರು ಇಳಿಸುತ್ತೆ. ಮೊದಲು ಅದು ಇಳಿಯಲಿ, ಬಾಗಿಲು ಆಮೇಲೆ ತೆಗೆಯೋಣ.’ ಈ ಮಾತು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಇರುವುದು ಮನೆಯಲ್ಲಿ, ಅಡುಗೆ ಮನೆಯಲ್ಲಿ, ಮತ್ತೆ ಬಸ್ ಸ್ಟ್ಯಾಂಡಿನಲ್ಲಿ.

ಬಸ್ ಸ್ಟ್ಯಾಂಡ್ ಯಾಕೆ ಅಂತೀರಾ? ನೀರು ಹೋಗುವ ಮಾತ್ರೆ ಕೊಟ್ಟಿದ್ದರು, ಫ್ಯೂರೊಸೆಮೈಡ್, ಜತೆಗೆ ಸ್ಪೈರೊನೊಲ್ಯಾಕ್ಟೋನ್. ಮೊದಲನೆಯದನ್ನು ನುಂಗಿದ ಗಂಟೆಯೊಳಗೆ ನಾಲ್ಕು ಸಲ ಎದ್ದು ಹೋಗಬೇಕು. ಅಕ್ಕ ಮದುವೆ ಮನೆ ಇದ್ದ ದಿನ, ಆಸ್ಪತ್ರೆಗೆ ಬಸ್ಸಲ್ಲಿ ಹೋಗುವ ದಿನ ಅದನ್ನು ನುಂಗುತ್ತಲೇ ಇರಲಿಲ್ಲ. ಡಾಕ್ಟರ ಹತ್ತಿರ ‘ದಿನಾ ತಗೋತೀನಿ ಸಾರ್’ ಅನ್ನುತ್ತಿದ್ದಳು. ಊತ ಇಳಿಯುತ್ತಿಲ್ಲ ಅಂತ ಅವರು ಡೋಸ್ ಏರಿಸುತ್ತಾ ಹೋದರು. ಕೊನೆಗೆ ವಾರ್ಡಿನ ನರ್ಸ್ ಒಬ್ಬರು ಗುಟ್ಟಾಗಿ ಕೇಳಿದಾಗ ಬಾಯಿ ಬಿಟ್ಟಳು. ದಾರಿಯಲ್ಲಿ ಹೆಂಗಸರು ಕಾಲಿಡುವಂಥ ಶೌಚಾಲಯ ಎಲ್ಲಿದೆ ಹೇಳಿ. ಬಿಡುವ ಬದಲು ಊರು ತಲುಪಿದ ಮೇಲೆ ಮಧ್ಯಾಹ್ನ ನುಂಗಿದರಾಯಿತು ಅಂತ ಡಾಕ್ಟರು ಒಪ್ಪಿದರು. ಅಷ್ಟು ಸುಲಭದ ಮಾತು. ಕೇಳಲು ನಾಚಿಕೆ, ಹೇಳಲು ಪುರುಸೊತ್ತಿಲ್ಲ, ಅಷ್ಟು ದಿನ ಹಾಳಾಯಿತು.

ಈ ಮಾತ್ರೆ ಜಾಸ್ತಿಯಾದರೂ ಕಷ್ಟವೇ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಅದಕ್ಕೇ ಆಗಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಲೆಕ್ಕ), ಪೊಟ್ಯಾಸಿಯಂ ನೋಡುತ್ತಾರೆ. ಮನೆಯಲ್ಲಿ ನಾವು ಮಾಡುವ ಕೆಲಸ ಒಂದೇ, ಬೆಳಗ್ಗೆ ಶೌಚ ಮುಗಿಸಿ ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವುದು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಫೋನ್ ಮಾಡಬೇಕು.

ಉಪ್ಪಿನ ಕಥೆ ಕೇಳಬೇಡಿ. ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಮ್ಮಿ ಅಂದಿದ್ದರು. ಅಕ್ಕ ಸಾರಿಗೆ ಉಪ್ಪು ಕಮ್ಮಿ ಮಾಡಿದಳು, ಸಪ್ಪೆ ಅಂತ ಪಕ್ಕಕ್ಕೆ ಉಪ್ಪಿನಕಾಯಿ ಹಾಕಿಕೊಂಡಳು! ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿ ಖಾರ, ಇವೆಲ್ಲ ಅವಳ ಲೆಕ್ಕದಲ್ಲಿ ಉಪ್ಪೇ ಅಲ್ಲ. ನಾನೊಬ್ಬ ಬುದ್ಧಿವಂತ, ಅಂಗಡಿಯಿಂದ ಸೋಡಿಯಂ ಕಮ್ಮಿ ಇರುವ ಉಪ್ಪಿನ ಪ್ಯಾಕೆಟ್ ತಂದುಕೊಟ್ಟೆ. ಡಾಕ್ಟರು ನೋಡಿ ಬೈದರು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ, ಸ್ಪೈರೊನೊಲ್ಯಾಕ್ಟೋನ್ ಮೊದಲೇ ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆ, ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಅಪಾಯ. ನೋಡಲು ಬಂದವರು ತರುವ ಎಳನೀರಿಗೂ ಇದೇ ಮಾತು. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಗಳೂ ಬೇಡ. ಅವು ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ.

ನೀರು ಇಳಿಯುತ್ತಿತ್ತು. ಬಲೂನ್ ಹಾಕಿ ಎರಡೂ ವಾಲ್ವ್ ಅಗಲ ಮಾಡಬಹುದು ಅಂದರು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಲಿ ಅಂತ ಅಕ್ಕ ಹಟ ಹಿಡಿದಳು. ಅಷ್ಟರಲ್ಲಿ, 2024ರ ಜನವರಿಯಲ್ಲಿ, ಅವಳ ನಾಡಿ ತಾಳ ತಪ್ಪಿತು. ಏಟ್ರಿಯಲ್ ಫಿಬ್ರಿಲೇಷನ್. ಬಡಿತ ನೂರ ನಲವತ್ತು. ಬಡಿತ ಇಳಿಸಲು ಮೆಟೊಪ್ರೊಲಾಲ್ ಕೊಟ್ಟರು. ಯಾಕೆ ಅಂತ ನಾನು ಕೇಳಿದ್ದಕ್ಕೆ ಡಾಕ್ಟರು ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು. ‘ಬಾಗಿಲು ಚಿಕ್ಕದಿರೋ ಬಸ್ಸು ಸ್ಟಾಪಲ್ಲಿ ಸ್ವಲ್ಪ ಹೊತ್ತು ನಿಂತರೆ ಎಲ್ಲರೂ ಇಳೀತಾರೆ. ನಿಲ್ಲಿಸಿದ ಹಾಗೆ ಮಾಡಿ ಹೊರಟುಬಿಟ್ಟರೆ ಒಳಗೇ ಉಳೀತಾರೆ.’

ತಾಳ ತಪ್ಪಿದ ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಅದಕ್ಕೆ ರಕ್ತ ತೆಳು ಮಾಡುವ ಮಾತ್ರೆ ಬಂತು. ಈ ಮಾತ್ರೆ ಎಲ್ಲರಿಗೂ ಒಂದೇ ಡೋಸ್ ಅಲ್ಲ. ಪಿಟಿ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಮಾಡಿ ಎರಡರಿಂದ ಮೂರರ ಒಳಗೆ ನಿಲ್ಲಿಸಬೇಕು. ಕಮ್ಮಿಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ದಿನಾ ನುಗ್ಗೆಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅಂದರೆ ಲೆಕ್ಕ ತಪ್ಪುತ್ತೆ. ಶುರುವಿನಲ್ಲಿ ವಾರಕ್ಕೊಂದು ಸಲ, ಆಮೇಲೆ ತಿಂಗಳಿಗೊಂದು ಸಲವಾದರೂ ಪರೀಕ್ಷೆ ಬೇಕೇ ಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಆಗುವುದಿಲ್ಲ. ಶುಗರ್ ಆಗುತ್ತೆ, ಹಿಮೋಗ್ಲೋಬಿನ್ ಆಗುತ್ತೆ, ಐಎನ್‌ಆರ್ ಅಂದರೆ ಬೇರೆ ಕಡೆ ಮಾಡಿಸಿ ಅಂತಾರೆ. ಖಾಸಗಿ ಲ್ಯಾಬಿನವರು ರಕ್ತ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ, ರಿಪೋರ್ಟ್ ಮರುದಿನ ಸಂಜೆ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್ ಇರುತ್ತೆ, ಅದರ ಮೇಲಿನ ಗೀಟಿನವರೆಗೂ ರಕ್ತ ತುಂಬಬೇಕು. ಕಮ್ಮಿ ತುಂಬಿದರೆ ಐಎನ್‌ಆರ್ ಸುಳ್ಳಾಗಿ ಜಾಸ್ತಿ ಬರುತ್ತೆ. ಲ್ಯಾಬಿನ ಹುಡುಗ ಒಂದು ಸಲ ಅರ್ಧ ತುಂಬಿ ಕಳಿಸಿದ. ನನಗಾಗ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ರಿಪೋರ್ಟ್ 4.8 ಅಂತ ಬಂತು. ಫೋನಿನಲ್ಲೇ ಡೋಸ್ ಇಳಿಸಿದರು. ಆಮೇಲೆ ಆ ಲ್ಯಾಬಿನವರು ಆ ಟೆಸ್ಟ್ ಸದ್ಯಕ್ಕೆ ಇಲ್ಲ ಅಂದರು, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ ಹತ್ತಿರ ಬಂತು, ಹೀಗೆ ಐದು ವಾರ ರಕ್ತವೇ ನೋಡಿಸಲಿಲ್ಲ. ಏಪ್ರಿಲ್‌ನಲ್ಲಿ ಬಲೂನ್ ಹಾಕಿಸಲು ಬೆಂಗಳೂರಿಗೆ ಹೋದಾಗ ಐಎನ್‌ಆರ್ 1.3. ಗಂಟಲಲ್ಲಿ ಪೈಪ್ ಇಳಿಸಿ ಎಕೋ ಮಾಡಿದರು. ಎಡಗಡೆ ಮೇಲಿನ ಕೋಣೆಯಲ್ಲಿ ಹೆಪ್ಪು.

ಹೆಪ್ಪು ಇದ್ದರೆ ಅಲ್ಲಿ ಬಲೂನ್ ಆಡಿಸುವ ಹಾಗಿಲ್ಲ. ಮೂರು ತಿಂಗಳು ಮುಂದಕ್ಕೆ ಹೋಯಿತು. ಆ ಅರ್ಧ ಟ್ಯೂಬಿನಿಂದಲೇ ಹೆಪ್ಪು ಆಯಿತು ಅಂತ ಹೇಳಲು ನಾನು ಡಾಕ್ಟರಲ್ಲ. ಆದರೆ ಐದು ವಾರ ಟೆಸ್ಟ್ ಆಗದೆ ಹೋಗಿದ್ದು ಸುಳ್ಳಲ್ಲವಲ್ಲ.

ಈ ನಡುವೆ ನನಗೆ ಬಂದ ಸಲಹೆಗಳು ಒಂದೆರಡಲ್ಲ. ‘ಟೆಸ್ಟೇ ಬೇಡದ ಹೊಸ ಮಾತ್ರೆ ಬಂದಿದೆ, ಅದನ್ನೇ ತಗೊಳ್ಳಿ’ ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಬಂತು. ಬೇರೆ ಕಾರಣದಿಂದ ನಾಡಿ ತಪ್ಪಿದವರಿಗೆ ಅದು ಒಳ್ಳೆಯದೇ. ರುಮ್ಯಾಟಿಕ್ ವಾಲ್ವ್ ಕಾಯಿಲೆಯವರಿಗೆ ಅಲ್ಲ. 24 ದೇಶಗಳ ಸುಮಾರು ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಹೊರಬಂತು, ಹೊಸ ಮಾತ್ರೆ ರಿವರಾಕ್ಸಬಾನ್ ತೆಗೆದುಕೊಂಡವರಿಗಿಂತ ಐಎನ್‌ಆರ್ ನೋಡಿಸಬೇಕಾದ ಹಳೇ ಮಾತ್ರೆಯವರಲ್ಲೇ ಸಾವು ಕಮ್ಮಿ ಇತ್ತು. ಅಂದರೆ ನಮ್ಮಂಥವರಿಗೆ ಐಎನ್‌ಆರ್ ತಪ್ಪಿದ್ದಲ್ಲ. ತಪ್ಪಿದ್ದಲ್ಲ ಅಂದ ಮೇಲೆ ಅದು ಕೈಗೆ ಸಿಗಬೇಕಲ್ವಾ?

2024ರ ಶ್ರಾವಣದಲ್ಲಿ ಹೆಪ್ಪು ಕರಗಿತ್ತು, ಬಲೂನ್ ಆಯಿತು. ತೊಡೆ ಸಂದಿಯ ರಕ್ತನಾಳದಿಂದ ತಂತಿ ಹೋಗಿ ಮೊದಲು ಮೈಟ್ರಲ್, ಹಿಂದಕ್ಕೆ ಬರುತ್ತಾ ಟ್ರೈಕಸ್ಪಿಡ್. ಎಚ್ಚರದಲ್ಲೇ ಇದ್ದಳು, ನರ್ಸ್ ಜತೆ ಬ್ಲೌಸ್ ಡಿಸೈನ್ ಬಗ್ಗೆ ಮಾತಾಡಿದಳಂತೆ. ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಖರ್ಚು ಹೋಯಿತು. ಎಲ್ಲರಿಗೂ ಬಲೂನ್ ಆಗುವುದಿಲ್ಲ. ವಾಲ್ವ್ ಕಿರಿದಾಗುವುದರ ಜತೆ ಜೋರಾಗಿ ಸೋರುತ್ತಿದ್ದರೆ ಆಪರೇಷನ್ನೇ ಗತಿ. ಆಗಲೂ ಬಲಗಡೆಗೆ ಸಾಮಾನ್ಯವಾಗಿ ಲೋಹದ ವಾಲ್ವ್ ಬದಲು ಪ್ರಾಣಿಯ ಅಂಗಾಂಶದ ವಾಲ್ವ್ ಆರಿಸುತ್ತಾರೆ, ಅಲ್ಲಿ ರಕ್ತದ ಓಟ ನಿಧಾನ, ಲೋಹಕ್ಕೆ ಹೆಪ್ಪು ಬೇಗ ಕೂರುತ್ತೆ.

ಆಮೇಲಿನದು ನಮ್ಮದೇ ತಪ್ಪು. ‘ಆಪರೇಷನ್ ಆಯ್ತಲ್ಲ, ಇನ್ನೂ ಯಾಕವ್ವಾ ಮಾತ್ರೆ’ ಅಂತ ಪಕ್ಕದ ಮನೆಯವರು ಅಂದರು, ಅಕ್ಕ ಮೂರು ವಾರ ನೀರಿನ ಮಾತ್ರೆ ನಿಲ್ಲಿಸಿದಳು. ಕ್ಯಾಲೆಂಡರಿನಲ್ಲಿ ನಾಲ್ಕು ಕಿಲೋ ಏರಿತ್ತು. ವಾಲ್ವ್ ಅಗಲ ಆಗಿದೆ, ಹೊಸದಾಗಿಲ್ಲ. ಈಗ ನೀರಿನ ಮಾತ್ರೆ ಮೊದಲಿನ ಅರ್ಧ ಡೋಸ್, ಬಡಿತದ್ದು, ರಕ್ತ ತೆಳುವಿನದು, ಎಲ್ಲಾ ನಡೆಯುತ್ತಿದೆ. ಲಾಡಿ ಹಳೇ ಗಂಟಿಗೆ ಬಂದಿದೆ.

ಬೆಂಗಳೂರಿನ ವಾರ್ಡಿನಲ್ಲಿ ಪಾವಗಡದ ಕಡೆಯ 14 ವರ್ಷದ ಹುಡುಗಿ ಸಿಕ್ಕಿದ್ದಳು. ಶಾಲೆಯಲ್ಲಿ ಮಕ್ಕಳ ತಪಾಸಣೆಗೆ ಬಂದ ಆರ್‌ಬಿಎಸ್‌ಕೆ ತಂಡದವರು ಎದೆಯಲ್ಲಿ ಶಬ್ದ ಇದೆ ಅಂತ ಕಳಿಸಿದ್ದರು. ಅಕ್ಕನಿಗೆ ಆರನೇ ಕ್ಲಾಸಿನಲ್ಲಿ ಆಗಬೇಕಿದ್ದದ್ದು ಇವಳಿಗೆ ಆಯಿತು. ಅವಳಿಗೆ ಇನ್ನೂ ವಾಲ್ವ್ ಜಾಸ್ತಿ ಕೆಟ್ಟಿಲ್ಲ. 21 ದಿನಕ್ಕೊಂದು ಸಲ 12 ಲಕ್ಷ ಯುನಿಟ್ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ತೆಗೆದುಕೊಂಡರೆ ರುಮ್ಯಾಟಿಕ್ ಜ್ವರ ಮರುಕಳಿಸದೆ ವಾಲ್ವ್ ಉಳಿಯುತ್ತೆ. ಬೆಲೆ ಜಾಸ್ತಿ ಏನಲ್ಲ. ಆದರೆ ಊರ ಹತ್ತಿರ ಯಾರೂ ಚುಚ್ಚಲು ಒಪ್ಪುತ್ತಿರಲಿಲ್ಲ ಅಂತ ಅವರಮ್ಮ ಕಣ್ಣೀರು ಹಾಕಿದರು. ಅಲರ್ಜಿ ಆದರೆ ಅನ್ನುವ ಭಯ. ಭಯ ಸುಳ್ಳಲ್ಲ, ಅಪರೂಪಕ್ಕೆ ಆಗುತ್ತೆ, ಪಕ್ಕದಲ್ಲಿ ಅಲರ್ಜಿಗೆ ತಕ್ಷಣ ಕೊಡುವ ಅಡ್ರಿನಲಿನ್ ಇರಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಕೂರಿಸಿ ನೋಡಬೇಕು. ವಾಲ್ವ್ ತೀರಾ ಕೆಟ್ಟವರಿಗೆ ಇಂಜೆಕ್ಷನ್ ಬದಲು ಪೆನಿಸಿಲಿನ್ ಮಾತ್ರೆ ಕೊಡುವುದು ಒಳ್ಳೆಯದು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹೇಳಿದೆ, ಆದರೆ ಆ ಹುಡುಗಿ ಆ ಸಾಲಿಗೆ ಸೇರಿದವಳಲ್ಲ.

ಈಗ ಕೇಳಬೇಕಾದ್ದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಈಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಆದವರಿಗೆ ಹೆಪ್ಪು ಕರಗಿಸುವ, ಸಾವಿರಾರು ರೂಪಾಯಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ, ನಮ್ಮ ಬೀದಿಯ ಒಬ್ಬರು ಅದರಿಂದಲೇ ಉಳಿದರು. ಅಷ್ಟು ದೊಡ್ಡದನ್ನು ತಾಲ್ಲೂಕಿಗೆ ತಂದ ಆರೋಗ್ಯ ಇಲಾಖೆಗೆ ಐಎನ್‌ಆರ್ ತರುವುದು ಕಷ್ಟವಾ? ಶುಗರ್ ನೋಡುವ ಹಾಗೆ ಬೆರಳು ಚುಚ್ಚಿ ಒಂದು ಹನಿಯಲ್ಲಿ ಐಎನ್‌ಆರ್ ಹೇಳುವ ಕೈ ಮಷೀನ್ ಇದೆ. ಸ್ಟ್ರಿಪ್ ದುಬಾರಿ, ನಿಜ, ಮನೆಮನೆಗೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ತಾಲ್ಲೂಕಿಗೊಂದು ಇಟ್ಟು, ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಅದೇ ದಿನ, ಅದೇ ಕೋಣೆಯಲ್ಲಿ, ಡಾಕ್ಟರು ಎದುರಿಗೆ ಇರುವಾಗ ಪೆನಿಸಿಲಿನ್ ಇಂಜೆಕ್ಷನ್ನೂ ಕೊಡಿಸಿ. ವಾಲ್ವ್ ಬದಲಾಯಿಸಿಕೊಂಡವರು, ಬಲೂನ್ ಹಾಕಿಸಿಕೊಂಡವರು, ರುಮ್ಯಾಟಿಕ್ ಜ್ವರದ ಮಕ್ಕಳು, ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಆ ದಿನ ಸಾಲು ನಿಂತಾಗಲೇ ಇಲಾಖೆಗೂ ಗೊತ್ತಾಗುತ್ತೆ. ಸಂಬಂಧಪಟ್ಟವರ ಉತ್ತರ ತರಿಸಿ ಪ್ರಕಟಿಸಿದರೆ ಫೈಲಿಗೆ ಇನ್ನೊಂದು ಕಟಿಂಗ್ ಸೇರಿಸುತ್ತೇನೆ.

ಬರುವ ಸೋಮವಾರ ಅಕ್ಕನ ಟೆಸ್ಟ್ ಇದೆ. ಈಗ ತುಮಕೂರಿಗೇ ಹೋಗಿ ರಕ್ತ ಕೊಟ್ಟು ಬರುತ್ತೇವೆ, ಆರೂಕಾಲಿನ ಬಸ್ಸು. ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಪುಕ್ಕಟೆ, ನನಗೆ ಟಿಕೆಟ್, ಅಂಗಡಿ ಅರ್ಧ ದಿನ ಬಂದ್. ನೀರಿನ ಮಾತ್ರೆ ಅವಳ ಪರ್ಸಿನಲ್ಲಿ ಇರುತ್ತೆ, ಮಧ್ಯಾಹ್ನ ಮನೆಗೆ ಬಂದ ಮೇಲೆ ನುಂಗುತ್ತಾಳೆ. ನೀಲಿ ಟ್ಯೂಬು ಗೀಟಿನವರೆಗೆ ತುಂಬುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.

ಇಂತಿ,
ಒಬ್ಬ ಓದುಗ, ತುಮಕೂರು ಜಿಲ್ಲೆ